ಜೋಡಿಗಾಜಿನ ಅಂಚಿನ ಸೀಲು

ಜೋಡಿಗಾಜಿನ ಅಂಚಿನ ಸೀಲು ಎಂಬುದು ಎರಡು ಅಥವಾ ಹೆಚ್ಚು ಗಾಜಿನ ಹಾಳೆಗಳನ್ನು ನಿಗದಿತ ಅಂತರದಲ್ಲಿ ಹಿಡಿದಿಟ್ಟು, ಅವುಗಳ ನಡುವಿನ ಒಣ ಗಾಳಿ ಅಥವಾ ಅನಿಲವನ್ನು ಹೊರಗಿನ ವಾತಾವರಣದಿಂದ ಬೇರ್ಪಡಿಸುವ ಅಂಚಿನ ಬಂಧವಾಗಿದೆ. ಉಷ್ಣನಿರೋಧಕ ಜೋಡಿಗಾಜನ್ನು ಕಟ್ಟಡ ಉದ್ಯಮದಲ್ಲಿ ಡಬಲ್ ಗ್ಲಾಸ್ ಅಥವಾ ಡಿಜಿಯು ಎಂದು ಕರೆಯುತ್ತಾರೆ. ಇದರ ಗಾಜು ಹಲವು ದಶಕಗಳ ಕಾಲ ಕೆಡದೆ ಉಳಿಯುತ್ತದೆ. ಅದರ ಅಂಚಿನ ಸೀಲು ಹಾಗಲ್ಲ. ಸೀಲು ಸೋತರೆ ತೇವಾಂಶವು ಒಳಸೇರಿ ಗಾಜು ಒಳಗಿನಿಂದ ಮಂಜಾಗುತ್ತದೆ. ಒಳಗಿನಿಂದ ಅದನ್ನು ಒರೆಸಲು ಸಾಧ್ಯವಿಲ್ಲದ ಕಾರಣ ಇಡೀ ಘಟಕವನ್ನೇ ಬದಲಾಯಿಸಬೇಕಾಗುತ್ತದೆ. ಆದ್ದರಿಂದ ಜೋಡಿಗಾಜಿನ ಆಯುಷ್ಯವೆಂದರೆ ಅದರ ಅಂಚಿನ ಸೀಲಿನ ಆಯುಷ್ಯವೇ ಆಗಿದೆ.

ಸೀಲಿನ ಮೇಲೆ ಬೀಳುವ ಹೊರೆಯು ಘಟಕವನ್ನು ಬಳಸುವ ಊರಿನ ಎತ್ತರ, ಬಿಸಿಲು ಮತ್ತು ಮಳೆಯನ್ನು ಅವಲಂಬಿಸಿದೆ. ಈ ಲೇಖನದಲ್ಲಿ ಸೀಲಿನ ರಚನೆ ಹಾಗೂ ತಯಾರಿಕೆಯ ಜೊತೆಗೆ, ದಖ್ಖನ್ ಪ್ರಸ್ಥಭೂಮಿಯ ಉದಾಹರಣೆಯಾಗಿ ಕರ್ನಾಟಕದ ಉತ್ತರ ತುದಿಯ ಬೀದರ್, ಭಾಲ್ಕಿ ಮತ್ತು ಔರಾದ್ ಪ್ರದೇಶದ ಪರಿಸ್ಥಿತಿಯನ್ನು ವಿವರಿಸಲಾಗಿದೆ.

ಇತಿಹಾಸ

ಎರಡು ಗಾಜುಗಳ ಅಂಚನ್ನು ಮುಚ್ಚಿ ನಡುವೆ ಗಾಳಿಯನ್ನು ಬಂಧಿಸುವ ವಿಧಾನಕ್ಕೆ ಅಮೆರಿಕದ ಥಾಮಸ್ ಸ್ಟೆಟ್ಸನ್ 1865ರಲ್ಲಿ ಪೇಟೆಂಟ್ ಪಡೆದನು. 1930ರ ದಶಕದಲ್ಲಿ ಸಿ. ಡಿ. ಹೇವನ್ ರೂಪಿಸಿದ ಘಟಕವನ್ನು ಲಿಬ್ಬಿ-ಓವೆನ್ಸ್-ಫೋರ್ಡ್ ಸಂಸ್ಥೆಯು ಥರ್ಮೋಪೇನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದರಲ್ಲಿ ಗಾಜಿನ ಅಂಚಿಗೆ ಲೋಹವನ್ನು ಬೆಸೆಯಲಾಗುತ್ತಿತ್ತು. ಲೋಹದ ಬೆಸುಗೆಯು ತೇವವನ್ನು ಚೆನ್ನಾಗಿ ತಡೆಯುತ್ತಿದ್ದರೂ ಬಾಗುವ ಗುಣವಿಲ್ಲದ ಅದರ ತಯಾರಿಕೆ ದುಬಾರಿಯಾಗಿತ್ತು. ಎರಡನೆಯ ಮಹಾಯುದ್ಧದ ನಂತರ ರಬ್ಬರಿನಂತೆ ಹಿಗ್ಗುವ ಪಾಲಿಸಲ್ಫೈಡ್ ಅಂಟುಗಳು ಬಳಕೆಗೆ ಬಂದವು. ಮುಂದೆ ಒಂದರ ಹಿಂದೆ ಒಂದರಂತೆ ಎರಡು ಪದಾರ್ಥಗಳನ್ನು ಬಳಸುವ ದ್ವಿಸೀಲು ಪದ್ಧತಿ ರೂಪುಗೊಂಡಿತು. 1973ರ ತೈಲ ಬಿಕ್ಕಟ್ಟಿನ ನಂತರ ಪಾಶ್ಚಾತ್ಯ ದೇಶಗಳಲ್ಲಿ ಜೋಡಿಗಾಜು ಸಾಮಾನ್ಯ ಮನೆಗಳಿಗೂ ಹರಡಿತು.

ರಚನೆ

ದ್ವಿಸೀಲು ಘಟಕದ ಅಂಚಿನಲ್ಲಿ ನಾಲ್ಕು ಭಾಗಗಳಿರುತ್ತವೆ.

ಅಂತರಪಟ್ಟಿ: ಗಾಜುಗಳ ನಡುವಿನ ಅಂತರವನ್ನು ಕಾಯುವ ಟೊಳ್ಳು ಪಟ್ಟಿ ಇದು. ಅಂತರವು ಸಾಮಾನ್ಯವಾಗಿ 6ರಿಂದ 20 ಮಿ.ಮೀ. ಇರುತ್ತದೆ. ಅಲ್ಯೂಮಿನಿಯಂ ಪಟ್ಟಿ ಅಗ್ಗವಾದರೂ ಅದು ಶಾಖವನ್ನು ಬಹಳ ಸುಲಭವಾಗಿ ಸಾಗಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ನ ಶಾಖವಾಹಕತೆ ಅಲ್ಯೂಮಿನಿಯಂನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಪ್ಲಾಸ್ಟಿಕ್ ಮತ್ತು ಸಿಲಿಕೋನ್ ನೊರೆಯ ಪಟ್ಟಿಗಳಲ್ಲಿ ಅದು ಇನ್ನೂ ಕಡಿಮೆ.

ತೇವಹೀರಕ: ಅಂತರಪಟ್ಟಿಯೊಳಗೆ ತುಂಬುವ ಹರಳುಗಳು. ಇಂದು ಹೆಚ್ಚಾಗಿ ಅಣುಜರಡಿ ಎಂಬ ಜಿಯೊಲೈಟನ್ನು ಬಳಸುತ್ತಾರೆ. ಅದರ ರಂಧ್ರಗಳ ಗಾತ್ರ ಸುಮಾರು 3 ಆಂಗ್‌ಸ್ಟ್ರಾಂ ಆಗಿರುವುದರಿಂದ ನೀರಿನ ಅಣು ಒಳಹೋಗುತ್ತದೆ, ಅದಕ್ಕಿಂತ ದೊಡ್ಡದಾದ ಸಾರಜನಕ ಮತ್ತು ಆರ್ಗಾನ್ ಹೊರಗುಳಿಯುತ್ತವೆ. ಪಟ್ಟಿಯ ಒಳಮುಖದ ಸೂಕ್ಷ್ಮ ತೂತುಗಳ ಮೂಲಕ ಹರಳುಗಳು ಒಳಗಿನ ಗಾಳಿಯ ತೇವವನ್ನು ಹೀರುತ್ತವೆ.

ಒಳ ಸೀಲು: ಪಟ್ಟಿ ಮತ್ತು ಗಾಜಿನ ನಡುವೆ ಹಾಕುವ ಪಾಲಿಐಸೊಬ್ಯುಟಿಲೀನ್‌ನ ತೆಳುವಾದ ಎಳೆ. ಇದನ್ನು ಬ್ಯುಟೈಲ್ ಎಂದೂ ಕರೆಯುತ್ತಾರೆ. ನೀರಾವಿ ಮತ್ತು ಅನಿಲವನ್ನು ತಡೆಯುವುದರಲ್ಲಿ ಇದಕ್ಕೆ ಸಮನಾದ ಅಂಟು ವಿರಳ. ಆದರೆ ಇದು ಎಂದಿಗೂ ಗಟ್ಟಿಯಾಗದ ಮೆತ್ತನೆಯ ಪದಾರ್ಥ. ಗಾಜಿನ ಭಾರವನ್ನಾಗಲಿ ಗಾಳಿಯ ಒತ್ತಡವನ್ನಾಗಲಿ ಹೊರಲಾರದು.

ಹೊರ ಸೀಲು: ಪಟ್ಟಿಯ ಬೆನ್ನಿನಿಂದ ಗಾಜಿನ ಅಂಚಿನವರೆಗೆ ತುಂಬುವ ಪಾಲಿಸಲ್ಫೈಡ್, ಪಾಲಿಯುರೇಥೇನ್ ಅಥವಾ ಸಿಲಿಕೋನ್. ಇದು ಗಟ್ಟಿಯಾಗಿ ಗಾಜುಗಳನ್ನು ಒಂದಾಗಿ ಹಿಡಿದಿಡುತ್ತದೆ.

ನೀರಾವಿಯನ್ನು ತಡೆಯುವ ಗುಣ ಹಾಗೂ ಬಲವನ್ನು ಹೊರುವ ಗುಣ ಒಂದೇ ಪದಾರ್ಥದಲ್ಲಿ ಸಾಕಷ್ಟು ಪ್ರಮಾಣದಲ್ಲಿ ದೊರೆಯುವುದು ಕಷ್ಟ. ಆದುದರಿಂದಲೇ ಕೆಲಸವನ್ನು ಎರಡು ಸೀಲುಗಳಿಗೆ ಹಂಚಲಾಗಿದೆ. ಹೊರ ಸೀಲು ಬಿಗಿಯಾಗಿದ್ದರೆ ಒಳ ಸೀಲಿನ ತೆಳುವಾದ ಎಳೆ ಹಿಗ್ಗದೆ ಉಳಿಯುತ್ತದೆ. ಎಳೆ ಹಿಗ್ಗಿದಷ್ಟೂ ನೀರಾವಿಗೆ ದಾರಿ ಅಗಲವಾಗುತ್ತದೆ.

ಹೊರ ಸೀಲಿನ ಆಯ್ಕೆ

ಪಾಲಿಸಲ್ಫೈಡ್ ಆರ್ಗಾನ್ ಸೋರಿಕೆಯನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಸೂರ್ಯನ ನೇರಳಾತೀತ ಕಿರಣಗಳು ನೇರವಾಗಿ ತಾಗಿದರೆ ಗಾಜಿನೊಂದಿಗಿನ ಅದರ ಅಂಟು ಕ್ರಮೇಣ ದುರ್ಬಲವಾಗುತ್ತದೆ. ಅಂಚು ಚೌಕಟ್ಟಿನೊಳಗೆ ಅಡಗಿರುವ ಕಿಟಕಿಗಳಿಗೆ ಇದು ಸೂಕ್ತ. ಸಿಲಿಕೋನ್ ಬಿಸಿಲು ಮತ್ತು ಶಾಖವನ್ನು ಉತ್ತಮವಾಗಿ ತಾಳಿಕೊಳ್ಳುತ್ತದೆ. ಚೌಕಟ್ಟಿಲ್ಲದೆ ಗಾಜನ್ನು ಅಂಟಿನಿಂದಲೇ ನಿಲ್ಲಿಸುವ ಕಟ್ಟಡಗಳ ಹೊರಮೈಗೆ ಸಿಲಿಕೋನನ್ನೇ ಬಳಸಲಾಗುತ್ತದೆ. ಅಲ್ಲಿ ಸೀಲು ಸೋತರೆ ಗಾಜಿನ ಹಾಳೆಯೇ ಕಳಚಿ ಬೀಳುವ ಅಪಾಯವಿರುವುದರಿಂದ ಸೀಲಿನ ಅಗಲವನ್ನು ಗಾಳಿಯ ಒತ್ತಡಕ್ಕೆ ಅನುಗುಣವಾಗಿ ಲೆಕ್ಕಹಾಕಿ ನಿರ್ಧರಿಸುತ್ತಾರೆ. ಸಿಲಿಕೋನ್‌ನ ಮುಖ್ಯ ಕೊರತೆಯೆಂದರೆ ಅನಿಲವು ಅದರ ಮೂಲಕ ಸುಲಭವಾಗಿ ಹಾದುಹೋಗುವುದು. ಹೀಗಾಗಿ ಸಿಲಿಕೋನ್ ಘಟಕದಲ್ಲಿ ಅನಿಲವನ್ನು ಕಾಯುವ ಹೊಣೆ ಪೂರ್ತಿಯಾಗಿ ಬ್ಯುಟೈಲ್ ಎಳೆಯದಾಗಿರುತ್ತದೆ.

ತಯಾರಿಕೆ

ಗಾಜನ್ನು ಅಳತೆಗೆ ಕತ್ತರಿಸಿ, ಲವಣರಹಿತ ನೀರಿನಲ್ಲಿ ತೊಳೆದು ಒಣಗಿಸುತ್ತಾರೆ. ಬೆರಳಿನ ಜಿಡ್ಡು ಅಥವಾ ಧೂಳು ಉಳಿದರೆ ಅಂಟು ಹಿಡಿಯುವುದಿಲ್ಲ. ಬೆಳ್ಳಿಯುಳ್ಳ ಲೋ-ಇ ಲೇಪನವಿದ್ದರೆ ಅಂಚಿನುದ್ದಕ್ಕೂ ಅದನ್ನು ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಸೀಲು ಗಾಜಿನ ಬದಲು ಲೇಪನಕ್ಕೆ ಅಂಟಿಕೊಳ್ಳುತ್ತದೆ ಮತ್ತು ಬೆಳ್ಳಿಯ ಪದರ ಅಂಚಿನಿಂದ ಒಳಕ್ಕೆ ತುಕ್ಕು ಹಿಡಿಯುತ್ತ ಹೋಗುತ್ತದೆ.

ಪಟ್ಟಿಯನ್ನು ಬಾಗಿಸಿ ತೇವಹೀರಕವನ್ನು ತುಂಬಿದ ಮೇಲೆ ಅದರ ಎರಡೂ ಪಕ್ಕಗಳಿಗೆ ಬಿಸಿ ಬ್ಯುಟೈಲನ್ನು ಯಂತ್ರದಿಂದ ಹಾಕಲಾಗುತ್ತದೆ. ಎಳೆಯು ಮೂಲೆಗಳಲ್ಲಿಯೂ ಕಡಿಯದೆ ಮುಂದುವರಿಯಬೇಕು. ತೆರೆದಿಟ್ಟ ತೇವಹೀರಕವು ಕೋಣೆಯ ಗಾಳಿಯ ತೇವವನ್ನೇ ಹೀರಿ ಬೇಗ ದಣಿಯುವುದರಿಂದ ತಡಮಾಡದೆ ಗಾಜುಗಳನ್ನು ಜೋಡಿಸಿ ಒತ್ತುತ್ತಾರೆ. ಅಗತ್ಯವಿದ್ದರೆ ಆರ್ಗಾನ್ ತುಂಬುತ್ತಾರೆ. ಕೊನೆಯದಾಗಿ ಹೊರ ಸೀಲನ್ನು ತುಂಬುತ್ತಾರೆ.

ಹೊರ ಸೀಲಿನ ಅಂಟು ಸಾಮಾನ್ಯವಾಗಿ ಎರಡು ಭಾಗಗಳಲ್ಲಿ ಬರುತ್ತದೆ. ಒಂದು ಬಿಳಿ, ಇನ್ನೊಂದು ಕಪ್ಪು. ಮಿಶ್ರಣ ಸರಿಯಾಗಿದೆಯೇ ಎಂದು ತಿಳಿಯಲು ಸರಳವಾದ ಚಿಟ್ಟೆ ಪರೀಕ್ಷೆ ಇದೆ. ಒಂದು ತೊಟ್ಟು ಅಂಟನ್ನು ಕಾಗದದ ಮೇಲಿಟ್ಟು, ಕಾಗದವನ್ನು ಮಡಚಿ ಒತ್ತಿ ಬಿಡಿಸಿದಾಗ ಬಿಳಿಯ ಗೆರೆಗಳಿಲ್ಲದೆ ಒಂದೇ ಬಣ್ಣ ಕಾಣಬೇಕು. ಗೆರೆಗಳಿದ್ದರೆ ಆ ಅಂಟು ಎಲ್ಲೆಡೆ ಸಮನಾಗಿ ಗಟ್ಟಿಯಾಗುವುದಿಲ್ಲ.

ಸೀಲಿನ ಮೇಲಿನ ಹೊರೆಗಳು

ಘಟಕದ ಅಂಚನ್ನು ಮುಚ್ಚಿದ ಕ್ಷಣದಲ್ಲಿ ಕಾರ್ಖಾನೆಯ ಗಾಳಿಯ ಒತ್ತಡ ಮತ್ತು ಉಷ್ಣತೆ ಎಷ್ಟಿತ್ತೋ ಅಷ್ಟೇ ಒಳಗೆ ಬಂಧಿಯಾಗುತ್ತದೆ. ಮುಂದೆ ಹೊರಗಿನ ಒತ್ತಡ ಇಳಿದರೆ ಅಥವಾ ಒಳಗಿನ ಅನಿಲ ಬಿಸಿಯಾದರೆ ಗಾಜುಗಳು ಹೊರಕ್ಕೆ ಉಬ್ಬುತ್ತವೆ. ವಿರುದ್ಧವಾದರೆ ಒಳಕ್ಕೆ ಬಾಗುತ್ತವೆ. ಇಂಜಿನಿಯರುಗಳು ಬಳಸುವ ಲೆಕ್ಕದಂತೆ, ಎತ್ತರದಲ್ಲಿ ಪ್ರತಿ ಮೀಟರ್ ಏರಿಕೆಗೆ ಸುಮಾರು 0.012 ಕಿಲೊಪಾಸ್ಕಲ್ ಹಾಗೂ ಅನಿಲದ ಉಷ್ಣತೆಯಲ್ಲಿ ಪ್ರತಿ ಡಿಗ್ರಿ ಏರಿಕೆಗೆ ಸುಮಾರು 0.34 ಕಿಲೊಪಾಸ್ಕಲ್ ಒತ್ತಡ ವ್ಯತ್ಯಾಸ ಉಂಟಾಗುತ್ತದೆ. ಇದು ಗಾಜು ಸ್ವಲ್ಪವೂ ಬಾಗದಿದ್ದರೆ ಉಂಟಾಗುವ ಒತ್ತಡ. ದೊಡ್ಡ ಹಾಳೆಗಳು ಬಾಗಿ ಅದರ ಬಹುಭಾಗವನ್ನು ಸಡಿಲಿಸುತ್ತವೆ. ಚಿಕ್ಕದಾದ, ದಪ್ಪವಾದ ಗಾಜು ಬಾಗಲಾರದ್ದರಿಂದ ಅಂತಹ ಘಟಕಗಳಲ್ಲಿ ಸೀಲಿನ ಮೇಲಿನ ಸೆಳೆತ ಹೆಚ್ಚು. ಚಿಕ್ಕ ಕಿಟಕಿಯೇ ಸುರಕ್ಷಿತ ಎಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ಅನ್ವಯಿಸುವುದಿಲ್ಲ.

ಲೋಹದ ಪಟ್ಟಿ ಮತ್ತು ಗಾಜು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವುದು ಇನ್ನೊಂದು ಹೊರೆ. 1.5 ಮೀಟರ್ ಉದ್ದದ ಅಂಚಿನಲ್ಲಿ ಉಷ್ಣತೆ 30 ಡಿಗ್ರಿ ಏರಿದರೆ ಅಲ್ಯೂಮಿನಿಯಂ ಪಟ್ಟಿಯು ಗಾಜಿಗಿಂತ ಸುಮಾರು 0.6 ಮಿ.ಮೀ. ಹೆಚ್ಚು ಹಿಗ್ಗುತ್ತದೆ. ಈ ಜಾರುವಿಕೆಯನ್ನು ತೆಳುವಾದ ಬ್ಯುಟೈಲ್ ಎಳೆಯೇ ದಿನವೂ ತಾಳಿಕೊಳ್ಳಬೇಕು.

ಬೀದರ್, ಭಾಲ್ಕಿ ಮತ್ತು ಔರಾದ್ ಪ್ರದೇಶದ ಪರಿಸ್ಥಿತಿ

ಬೀದರ್ ನಗರವು ಲ್ಯಾಟರೈಟ್ ಪ್ರಸ್ಥಭೂಮಿಯ ಅಂಚಿನಲ್ಲಿ, ಸಮುದ್ರಮಟ್ಟದಿಂದ 600 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಮಾಂಜ್ರಾ ನದಿಯ ಕಣಿವೆಯ ಕಡೆಗಿರುವ ಭಾಲ್ಕಿ ಮತ್ತು ಔರಾದ್ ಅದಕ್ಕಿಂತ ತಗ್ಗಿನಲ್ಲಿವೆ. ಇಲ್ಲಿನ ಹಳೆಯ ಕಟ್ಟಡಗಳಲ್ಲಿ ದಪ್ಪನಾದ ಕಲ್ಲಿನ ಗೋಡೆಗಳೇ ಬಿಸಿಲನ್ನು ತಡೆಯುತ್ತಿದ್ದವು. ಸಿಮೆಂಟ್ ಕಾಂಕ್ರೀಟಿನ ಹೊಸ ಕಟ್ಟಡಗಳಲ್ಲಿ ಗೋಡೆ ತೆಳುವಾಗಿ, ಗಾಜು ಅಗಲವಾದಂತೆ ಆ ಕೆಲಸ ಗಾಜಿನ ಪಾಲಿಗೆ ಬರುತ್ತದೆ.

ಚೆನ್ನೈ ಅಥವಾ ಮುಂಬೈನಂತಹ ಕಡಲತೀರದ ಊರಿನಲ್ಲಿ ಮುಚ್ಚಿದ ಘಟಕವನ್ನು 600 ಮೀಟರ್ ಎತ್ತರಕ್ಕೆ ತಂದರೆ, ಮೇಲಿನ ಲೆಕ್ಕದಂತೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು 7.2 ಕಿಲೊಪಾಸ್ಕಲ್ ಹೆಚ್ಚಾಗಿರುತ್ತದೆ. ಬಾಗದ ಗಾಜಿನ ಒಂದು ಚದರ ಮೀಟರ್ ಮೇಲೆ ಇದು ಸುಮಾರು 730 ಕಿಲೋಗ್ರಾಂ ಭಾರಕ್ಕೆ ಸಮ. 25 ಡಿಗ್ರಿಯಲ್ಲಿ ಮುಚ್ಚಿದ ಘಟಕದ ಒಳಗಾಳಿಯು ಬೇಸಿಗೆಯ ಬಿಸಿಲಿನಲ್ಲಿ 55 ಡಿಗ್ರಿಗೆ ಏರಿದರೆ ಇನ್ನೂ ಸುಮಾರು 10 ಕಿಲೊಪಾಸ್ಕಲ್ ಸೇರುತ್ತದೆ. ಚಳಿಗಾಲದ ಬೆಳಗಿನ ಜಾವ ಒಳಗಾಳಿ 15 ಡಿಗ್ರಿಗೆ ಇಳಿದಾಗ ಕಡಿಮೆಯಾಗುವುದು ಸುಮಾರು 3.4 ಕಿಲೊಪಾಸ್ಕಲ್ ಮಾತ್ರ. ಅಂದರೆ ಕಡಲತೀರದಲ್ಲಿ ಮುಚ್ಚಿದ ಘಟಕವು ಇಲ್ಲಿ ಚಳಿಗಾಲದಲ್ಲಿಯೂ ಉಬ್ಬಿಯೇ ಇರುತ್ತದೆ. ಅದರ ಸೀಲಿಗೆ ವರ್ಷವಿಡೀ ಬಿಡುವಿಲ್ಲದ ಸೆಳೆತವಿರುತ್ತದೆ. ಸ್ಥಳದಲ್ಲೇ ಅಥವಾ ಸಮೀಪದ ಎತ್ತರದಲ್ಲಿ ಮುಚ್ಚಿದ ಘಟಕದಲ್ಲಿ ಈ ಕಾಯಂ ಹೊರೆ ಇರುವುದಿಲ್ಲ. 500 ಮೀಟರ್‌ಗೂ ಹೆಚ್ಚು ಎತ್ತರದಲ್ಲಿರುವ ಹೈದರಾಬಾದಿನಲ್ಲಿ ತಯಾರಾದ ಘಟಕಕ್ಕೂ ಚೆನ್ನೈನಲ್ಲಿ ತಯಾರಾದದ್ದಕ್ಕೂ ಈ ವಿಷಯದಲ್ಲಿ ಬಹಳ ವ್ಯತ್ಯಾಸವಿದೆ. ಆದ್ದರಿಂದ ಬೇಡಿಕೆ ಸಲ್ಲಿಸುವಾಗಲೇ ಗಾಜು ಕೂರಿಸುವ ಊರಿನ ಎತ್ತರವನ್ನು ತಯಾರಕರಿಗೆ ತಿಳಿಸುವುದು ಉಚಿತ. ಎತ್ತರದ ವ್ಯತ್ಯಾಸ ಹೆಚ್ಚಿದ್ದರೆ ಅಂಚಿನಲ್ಲಿ ಸೂಕ್ಷ್ಮವಾದ ಉಸಿರುಕೊಳವೆಯನ್ನು ಇಟ್ಟು ಒತ್ತಡವನ್ನು ಸಮಗೊಳಿಸುವ ವಿಧಾನವೂ ಇದೆ. ಆದರೆ ತೆರೆದುಬಿಟ್ಟ ಕೊಳವೆಯ ಮೂಲಕ ಆರ್ಗಾನ್ ಉಳಿಯುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ತೊಂದರೆ ಬೇರೆ ಬಗೆಯದು. ಚೌಕಟ್ಟಿನ ಕೆಳಗಾಲುವೆಯಲ್ಲಿ ನೀರು ನಿಂತರೆ ಸೀಲು ಸದಾ ನೆನೆದಿರುತ್ತದೆ. ನೆನೆದ ಅಂಟಿನ ಹಿಡಿತ ಗಾಜಿನಿಂದ ನಿಧಾನವಾಗಿ ಬಿಡುತ್ತದೆ. ನೀರು ಹೊರಹೋಗಲು ಚೌಕಟ್ಟಿನಲ್ಲಿ ತೂತುಗಳಿರುತ್ತವೆ. ಬೀದರ್ ಸುತ್ತಲಿನ ಕೆಮ್ಮಣ್ಣಿನ ಧೂಳಾಗಲಿ, ಭಾಲ್ಕಿ ಮತ್ತು ಔರಾದ್ ಕಡೆಯ ಕಪ್ಪು ಎರೆಮಣ್ಣಿನ ಧೂಳಾಗಲಿ ಬೇಸಿಗೆಯಲ್ಲಿ ಈ ತೂತುಗಳನ್ನು ಮುಚ್ಚಬಹುದು. ಆದ್ದರಿಂದ ಮುಂಗಾರಿಗೆ ಮೊದಲು ಅವುಗಳನ್ನು ಶುಚಿಗೊಳಿಸುವುದು ಸೀಲಿನ ಬಾಳಿಕೆಗೆ ಸಹಾಯಕ.

ಏಕಗಾಜಿನ ಒಂದು ಚದರ ಮೀಟರ್ ಮೂಲಕ ಒಳಹೊರಗಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.7 ವ್ಯಾಟ್ ಶಾಖ ಹರಿದರೆ, 12 ಮಿ.ಮೀ. ಅಂತರದ ಸಾಮಾನ್ಯ ಜೋಡಿಗಾಜಿನಲ್ಲಿ ಅದು ಸುಮಾರು 2.8 ವ್ಯಾಟ್. ಹವಾನಿಯಂತ್ರಿತ ಕೋಣೆಗೆ ಈ ಉಳಿತಾಯ ಮಹತ್ವದ್ದು. ಆದರೆ ನೇರ ಬಿಸಿಲನ್ನು ಬಣ್ಣವಿಲ್ಲದ ಜೋಡಿಗಾಜು ಹೆಚ್ಚೇನೂ ತಡೆಯುವುದಿಲ್ಲ. ಕಿಟಕಿ ತೆರೆದಿಡುವ ಮನೆಗಳಲ್ಲಿ ಸಜ್ಜೆ ಮತ್ತು ನೆರಳಿನ ಪ್ರಯೋಜನವೇ ಹೆಚ್ಚು.

ವಿಫಲತೆಯ ಲಕ್ಷಣಗಳು

ಗಾಜಿನ ಮೇಲೆ ಕಾಣುವ ಎಲ್ಲ ಮಂಜೂ ಸೀಲಿನ ದೋಷವಲ್ಲ. ಮಳೆಗಾಲದಲ್ಲಿ ಹವಾನಿಯಂತ್ರಿತ ಕೋಣೆಯ ಗಾಜಿನ ಹೊರಮೈ ಬೆವರುವುದು ಸಹಜ. ಕೋಣೆಯ ಒಳಮೈಯಲ್ಲಿ ಕಾಣುವ ಹನಿ ಕೋಣೆಯ ತೇವಾಂಶದಿಂದ ಬಂದದ್ದು. ಎರಡೂ ಕಡೆ ಒರೆಸಿದರೂ ಹೋಗದ, ಗಾಜುಗಳ ನಡುವಿನ ಮಂಜು ಮಾತ್ರ ಸೀಲು ಸೋತದ್ದರ ಗುರುತು. ಮೊದಮೊದಲು ಅದು ತಂಪಾದ ಬೆಳಗಿನಲ್ಲಿ ಕಾಣಿಸಿ ಬಿಸಿಲೇರಿದಾಗ ಮಾಯವಾಗುತ್ತದೆ. ತೇವಹೀರಕ ಪೂರ್ತಿ ತುಂಬಿದ ಮೇಲೆ ಕಾಯಂ ಆಗಿ ಬಿಳಿಯ ಕಲೆಗಳನ್ನು ಉಳಿಸುತ್ತದೆ.

ಕೆಲವೊಮ್ಮೆ ಕಾರ್ಖಾನೆಯಲ್ಲಿ ಸರಿಯಾಗಿದ್ದ ಸೀಲು ಕೂರಿಸುವಾಗ ಕೆಡುತ್ತದೆ. ಚೌಕಟ್ಟಿನ ಸಂದು ಮುಚ್ಚಲು ವಿನೆಗರ್ ವಾಸನೆಯ ಅಸಿಟಿಕ್ ಸಿಲಿಕೋನ್ ಅಥವಾ ಎಣ್ಣೆಯಿಂದ ಕಲಸಿದ ಪುಟ್ಟಿಯನ್ನು ಬಳಸಿದರೆ ಅವು ಅಂಚಿನ ಸೀಲಿನೊಂದಿಗೆ ವರ್ತಿಸಿ ಬ್ಯುಟೈಲನ್ನು ಕರಗಿಸಬಹುದು. ಆಗ ಕಪ್ಪು ಎಳೆಯು ಗಾಜಿನೊಳಗೆ ಇಳಿಬೀಳುವುದು ಕಾಣುತ್ತದೆ. ಇದನ್ನು ತಪ್ಪಿಸಲು, ಅಂಚಿನ ಸೀಲಿಗೆ ಹೊಂದುತ್ತದೆಂದು ತಯಾರಕರು ದೃಢಪಡಿಸಿದ ನ್ಯೂಟ್ರಲ್ ಸಿಲಿಕೋನನ್ನು ಬಳಸಬೇಕು. ಗಾಜು ನೇರವಾಗಿ ಚೌಕಟ್ಟಿನ ಮೇಲೆ ಕೂರದಂತೆ ಎರಡೂ ಹಾಳೆಗಳಿಗೆ ಆಧಾರವಾಗುವ ಅಡಿಗಟ್ಟುಗಳನ್ನು ಇಡುವುದೂ ಅವಶ್ಯ. ಒಂದೇ ಹಾಳೆಗೆ ಆಧಾರವಿದ್ದರೆ ಇನ್ನೊಂದರ ಭಾರ ಸೀಲಿನ ಮೇಲೆ ಜೋತುಬೀಳುತ್ತದೆ.

ಪರೀಕ್ಷೆ ಮತ್ತು ಬಾಳಿಕೆ

ಯುರೋಪಿನ ಇಎನ್ 1279 ಮಾನದಂಡದ ಎರಡನೆಯ ಭಾಗದಂತೆ ಘಟಕಗಳನ್ನು ಹೆಚ್ಚಿನ ಆರ್ದ್ರತೆಯಲ್ಲಿ ಮೈನಸ್ 18ರಿಂದ 53 ಡಿಗ್ರಿಯವರೆಗೆ, ತಲಾ 12 ಗಂಟೆಗಳ 56 ಆವರ್ತಗಳಿಗೆ ಒಡ್ಡಲಾಗುತ್ತದೆ. ನಂತರ 58 ಡಿಗ್ರಿಯಲ್ಲಿ 7 ವಾರ ಇಡಲಾಗುತ್ತದೆ. ಕೊನೆಯಲ್ಲಿ ತೇವಹೀರಕವು ತನ್ನ ಸಾಮರ್ಥ್ಯದ ಎಷ್ಟು ಪಾಲು ತೇವವನ್ನು ಹೀರಿದೆ ಎಂದು ಅಳೆಯುತ್ತಾರೆ. ಸರಾಸರಿಯು ಶೇಕಡಾ 20ನ್ನು ಮೀರಬಾರದು. ಮೂರನೆಯ ಭಾಗದಂತೆ ಅನಿಲ ಸೋರಿಕೆ ವರ್ಷಕ್ಕೆ ಶೇಕಡಾ 1ಕ್ಕಿಂತ ಕಡಿಮೆಯಿರಬೇಕು. ಭಾರತದಲ್ಲಿ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಗಾಜು ಮತ್ತು ಅದರ ಜೋಡಣೆಗೆ ಪ್ರತ್ಯೇಕ ವಿಭಾಗವನ್ನು ಹೊಂದಿದೆ.

ಸರಿಯಾಗಿ ತಯಾರಿಸಿ ಕೂರಿಸಿದ ದ್ವಿಸೀಲು ಘಟಕದಿಂದ ಸಾಮಾನ್ಯವಾಗಿ 20ರಿಂದ 25 ವರ್ಷಗಳ ಬಾಳಿಕೆಯನ್ನು ನಿರೀಕ್ಷಿಸಲಾಗುತ್ತದೆ. ಸೋತ ಸೀಲಿಗೆ ಹೊರಗಿನಿಂದ ಅಂಟು ಬಳಿದರೆ ಪ್ರಯೋಜನವಿಲ್ಲ, ಏಕೆಂದರೆ ತುಂಬಿದ ತೇವಹೀರಕ ಒಳಗೇ ಉಳಿಯುತ್ತದೆ. ಗಾಜಿಗೆ ತೂತು ಕೊರೆದು ಒಣಗಿಸುವ ವಿಧಾನವು ಮಂಜನ್ನು ತಾತ್ಕಾಲಿಕವಾಗಿ ನಿವಾರಿಸಬಹುದಾದರೂ ಉಷ್ಣನಿರೋಧಕ ಗುಣವನ್ನು ಮರಳಿ ತರುವುದಿಲ್ಲ. ಚೌಕಟ್ಟು ಗಟ್ಟಿಯಾಗಿದ್ದರೆ ಅದನ್ನು ಹಾಗೆಯೇ ಉಳಿಸಿಕೊಂಡು ಗಾಜಿನ ಘಟಕವನ್ನು ಮಾತ್ರ ಬದಲಾಯಿಸಬಹುದು.