ಮೊಬೈಲ್ ಕೊಡಿಸಿದ್ದು ನಾನೇ, ಅದರಿಂದ ಬಂತಾ?

ಫೋನ್-ಇನ್ ಕಾರ್ಯಕ್ರಮ ಮುಗಿಯೋಕೆ ಎರಡೇ ನಿಮಿಷ ಬಾಕಿ. ಹಾಸನದ ಕಡೆಯ ಒಬ್ಬ ತಾಯಿ ಲೈನಿಗೆ ಬಂದರು. ಮಗನಿಗೆ ಮೆದುಳಿನಲ್ಲಿ ಗಡ್ಡೆ, ಆಪರೇಷನ್ ಆಗಿದೆ. ಅವರು ಕೇಳಿದ್ದು ಚಿಕಿತ್ಸೆಯ ಬಗ್ಗೆ ಅಲ್ಲ. "ಪಿಯುಸಿ ಪಾಸಾದ ಅಂತ ಮೊಬೈಲ್ ಕೊಡಿಸಿದ್ದು ನಾನೇ. ಅದರಿಂದ ಬಂತಾ ಸರ್?" ಅಂದರು. ಬ್ರೇಕ್‌ಗೆ ಹೋಗಬೇಕಿತ್ತು. ಡಾಕ್ಟರನ್ನು ಕೇಳಿ ಅಂತ ಹೇಳಿ ಜಾರಿಕೊಂಡೆ. ಇವತ್ತು ಉತ್ತರ ಕೊಡ್ತೀನಿ.

ರೇಡಿಯೇಷನ್ ಅಂದ ತಕ್ಷಣ ನಮಗೆ ನೆನಪಾಗೋದು ಹಿರೋಷಿಮಾ, ಚೆರ್ನೋಬಿಲ್. ಆದರೆ ನೋಡಿ, ನಿಮ್ಮ ಮನೆಯ ಬಲ್ಬಿನ ಬೆಳಕೂ ರೇಡಿಯೇಷನ್ನೇ. ಪ್ರಶ್ನೆ ಇರೋದು ಅದರ ಶಕ್ತಿ ಎಷ್ಟು ಅನ್ನೋದರಲ್ಲಿ. ನಮ್ಮ ಜೀವಕೋಶದ ಡಿಎನ್‌ಎ ಕೊಂಡಿ ಮುರಿಯಬೇಕಾದರೆ ಅಲೆಯ ಒಂದೊಂದು ಕಣಕ್ಕೂ ಕೆಲವು ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಎಕ್ಸ್‌ರೇಗೆ ಅದು ಧಾರಾಳವಾಗಿದೆ. 1800 ಮೆಗಾಹರ್ಟ್ಸ್‌ನ ಮೊಬೈಲ್ ಅಲೆಗೆ ಇರೋದು ಒಂದು ಎಲೆಕ್ಟ್ರಾನ್ ವೋಲ್ಟ್‌ನ ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ. ಲಕ್ಷ ಜನ ನಿಂತು ಹತ್ತಿ ಉಂಡೆ ಎಸೆದರೆ ಬೀಗ ಒಡೆಯುತ್ತಾ? ಮೊಬೈಲ್ ಅಲೆ ಮಾಡೋದು ದೇಹವನ್ನು ಅತಿ ಸ್ವಲ್ಪ ಬಿಸಿ ಮಾಡೋ ಕೆಲಸ. ಅದಕ್ಕೂ ನಮ್ಮ ದೇಶದಲ್ಲಿ ಮಿತಿ ಇದೆ, ಕಿಲೋಗೆ 1.6 ವ್ಯಾಟ್. ಸ್ಟಾರ್ ಹ್ಯಾಷ್ 07 ಹ್ಯಾಷ್ ಒತ್ತಿದರೆ ಬಹಳಷ್ಟು ಫೋನುಗಳು ತಮ್ಮ ಲೆಕ್ಕವನ್ನು ತಾವೇ ತೋರಿಸುತ್ತವೆ.

ಹಾಗಾದರೆ ಈ ಭಯ ಎಲ್ಲಿಂದ ಬಂತು? ಮೇ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಅಲೆಗಳನ್ನು '2ಬಿ' ಪಟ್ಟಿಗೆ ಸೇರಿಸಿತು. ಅರ್ಥ: ಕ್ಯಾನ್ಸರ್‌ಕಾರಕ ಇರಬಹುದು, ಪುರಾವೆ ಸಾಲದು. ನಮ್ಮ ಟಿವಿಯವರ ಕೈಗೆ ಸಿಕ್ಕಿದ ಮೇಲೆ ಆ 'ಇರಬಹುದು' ಎಲ್ಲಿ ಉಳಿಯುತ್ತೆ ಹೇಳಿ? ಕೆಂಪು ಪಟ್ಟಿಯಲ್ಲಿ ಅಷ್ಟೊಂದು ಜಾಗ ಇರಲ್ಲ! ಅದೇ 2ಬಿ ಪಟ್ಟಿಯಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಇದೆ. ಅದರ ಬಗ್ಗೆ ಯಾರೂ ಬ್ರೇಕಿಂಗ್ ನ್ಯೂಸ್ ಮಾಡಲಿಲ್ಲ.

ಆ ಅನುಮಾನಕ್ಕೆ ಒಂದು ಮುಖ್ಯ ಕಾರಣ 'ಇಂಟರ್‌ಫೋನ್' ಅಧ್ಯಯನ. 13 ದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾಯಿತು. ಒಟ್ಟಾರೆ ಅಪಾಯ ಕಾಣಲಿಲ್ಲ. ಅತಿ ಹೆಚ್ಚು ಮಾತಾಡಿದೆವು ಅಂದವರ ಗುಂಪಿನಲ್ಲಿ ಮಾತ್ರ ಗ್ಲಯೋಮಾ ಅನ್ನೋ ಗಡ್ಡೆ ಸುಮಾರು 40 ಶೇಕಡಾ ಜಾಸ್ತಿ ಕಂಡಿತು. ಆದರೆ ಅವರು ಎಷ್ಟು ಮಾತಾಡಿದ್ದರು ಅಂತ ಗೊತ್ತಾಗಿದ್ದು ಹೇಗೆ? ರೋಗಿಗಳನ್ನೇ ಕೇಳಿ. ಕಾಯಿಲೆ ಬಂದವರು ಕಾರಣ ಹುಡುಕುತ್ತಾ ಹಳೆಯದನ್ನೆಲ್ಲ ಕೆದಕುತ್ತಾರೆ, ಲೆಕ್ಕ ದೊಡ್ಡದಾಗುತ್ತೆ. ಹಾಸನದ ಆ ತಾಯಿಯೂ ಮಾಡುತ್ತಿದ್ದದ್ದು ಇದನ್ನೇ ಅಲ್ಲವಾ? ಡೆನ್ಮಾರ್ಕ್‌ನವರು ನೆನಪನ್ನು ನಂಬಲಿಲ್ಲ. ಮೂರೂವರೆ ಲಕ್ಷಕ್ಕೂ ಹೆಚ್ಚು ಚಂದಾದಾರರ ದಾಖಲೆಯನ್ನು ಕ್ಯಾನ್ಸರ್ ದಾಖಲೆ ಜೊತೆ ಹೋಲಿಸಿದರು. ಮೆದುಳಿನ ಗಡ್ಡೆ ಹೆಚ್ಚಾಗಿರಲಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ಪರಿಶೀಲನೆ 63 ಅಧ್ಯಯನಗಳನ್ನು ಜಾಲಾಡಿತು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬಳಸಿದವರಲ್ಲೂ ಮೆದುಳಿನ ಕ್ಯಾನ್ಸರ್‌ಗೆ ನಂಟು ಸಿಗಲಿಲ್ಲ.

ಇಲಿಗಳ ಕಥೆಯನ್ನೂ ಕೇಳಿರ್ತೀರಿ. 2018ರ ಅಮೆರಿಕದ ಪ್ರಯೋಗದಲ್ಲಿ ಗಂಡು ಇಲಿಗಳ ಹೃದಯದಲ್ಲಿ ಗಡ್ಡೆ ಕಂಡಿದ್ದು ನಿಜ. ಇಡೀ ಮೈಗೆ, ದಿನಕ್ಕೆ 9 ಗಂಟೆ, ಎರಡು ವರ್ಷ ಅಲೆ ಹಾಯಿಸಿದ್ದರು. ತಮಾಷೆ ಏನಂದ್ರೆ, ಅಲೆ ತಾಗಿಸಿಕೊಂಡ ಆ ಗಂಡು ಇಲಿಗಳೇ ತಾಗದ ಇಲಿಗಳಿಗಿಂತ ಹೆಚ್ಚು ಕಾಲ ಬದುಕಿದವು.

ಇನ್ನು ಟವರ್. 2017ರಲ್ಲಿ ಗ್ವಾಲಿಯರ್‌ನ ಕ್ಯಾನ್ಸರ್ ರೋಗಿಯೊಬ್ಬರ ದೂರಿನ ಮೇಲೆ ಸುಪ್ರೀಂ ಕೋರ್ಟ್ ಟವರ್ ಒಂದನ್ನು ನಿಲ್ಲಿಸಲು ಹೇಳಿತು. ಅಲ್ಲಿಂದ ಯಾವ ಬಡಾವಣೆಯಲ್ಲಿ ಟವರ್ ಎದ್ದರೂ ಜನ ಇದನ್ನೇ ಉದಾಹರಿಸುತ್ತಾರೆ. ಕೋರ್ಟಿನ ಬಗ್ಗೆ ಗೌರವ ಇಟ್ಟುಕೊಂಡೇ ಎಂಜಿನಿಯರಿಂಗ್ ಓದಿದವನಾಗಿ ಒಂದು ಮಾತು ಹೇಳ್ತೀನಿ. ಸಿಗ್ನಲ್ ದುರ್ಬಲವಾದಷ್ಟೂ ನಿಮ್ಮ ಕೈಯಲ್ಲಿರೋ ಫೋನು ಜೋರಾಗಿ ಕೂಗುತ್ತೆ, ಅಂದರೆ ಹೆಚ್ಚು ಶಕ್ತಿ ಹೊರಬಿಡುತ್ತೆ, ಅದೂ ಕಿವಿಯ ಪಕ್ಕದಲ್ಲೇ. ಟವರ್ ಓಡಿಸಿದ ಬಡಾವಣೆಯವರು ತಲೆಗೆ ತಾಗೋ ಅಲೆಯನ್ನು ಹೆಚ್ಚಿಸಿಕೊಂಡಿರ್ತಾರೆ, ಅಷ್ಟೆ. ಇಷ್ಟಾದ ಮೇಲೂ ಭಯ ಇದ್ದರೆ ಇಯರ್‌ಫೋನ್ ಹಾಕಿಕೊಳ್ಳಿ.

ಆ ತಾಯಿಯ ನಂಬರ್ ನಮ್ಮಲ್ಲಿ ಉಳಿದಿಲ್ಲ. ಇದನ್ನು ನೋಡುತ್ತಿದ್ದರೆ ಕೇಳಿಸಿಕೊಳ್ಳಿ ಅಮ್ಮಾ. ಹೆಚ್ಚಿನ ಮೆದುಳಿನ ಗಡ್ಡೆಗಳು ಯಾಕೆ ಬರುತ್ತವೆ ಅಂತ ಡಾಕ್ಟರುಗಳಿಗೂ ಗೊತ್ತಿಲ್ಲ. ನೀವು ಕೊಡಿಸಿದ ಫೋನಿನಿಂದ ಬಂತು ಅನ್ನೋಕೆ ಆಧಾರ ಇಲ್ಲ. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ.