ಬೆಳಗಾಗಲೆಂದು ಕಾಯದ ನೋವು

೨೦೨೫ರ ಜೂನ್ ತಿಂಗಳಿನಲ್ಲಿ ಹಾಸನ ಜಿಲ್ಲೆಯ ಹೆಸರು ನಾಡಿನ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಹೃದಯಾಘಾತದಿಂದ ಸಾಲುಸಾಲಾಗಿ ಸಾವುಗಳು ಸಂಭವಿಸುತ್ತಿವೆಯೆಂಬ ಸುದ್ದಿ ಹಬ್ಬಿ, ಗಟ್ಟಿಮುಟ್ಟಾದ ತರುಣರೂ ಇಸಿಜಿ ಮಾಡಿಸಿಕೊಳ್ಳಲು ಆಸ್ಪತ್ರೆಗಳ ಮುಂದೆ ನೆರೆದರು. ಜಯದೇವ ಹೃದ್ರೋಗ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿಯು ಪರಿಶೀಲನೆ ನಡೆಸಿ, ಜುಲೈ ತಿಂಗಳಿನಲ್ಲಿ ವರದಿ ನೀಡಿತು. ಜಿಲ್ಲೆಯಲ್ಲಿ ಇಂತಹ ಸಾವುಗಳು ಅಸಹಜವಾಗಿ ಹೆಚ್ಚಿಲ್ಲವೆಂದೂ, ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನಗಳಂತಹ ಪರಿಚಿತ ಕಾರಣಗಳೇ ಕಂಡುಬಂದಿವೆಯೆಂದೂ ಅದು ತಿಳಿಸಿತು. ಪಟ್ಟಿಯಲ್ಲಿದ್ದ ೨೪ ಸಾವುಗಳ ಪೈಕಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ.

ಭಯವೇನೋ ಇಳಿಯಿತು. ಅದರೊಡನೆ ಎಚ್ಚರವೂ ಇಳಿಯಿತೆಂಬುದೇ ನಮ್ಮ ಚಿಂತೆ. ಸಕಲೇಶಪುರ, ಆಲೂರು ಕಡೆಯ ಗುಡ್ಡಗಳ ಮನೆಗಳಲ್ಲಿ ಇಂದು ಉಳಿದಿರುವವರು ಬಹುಪಾಲು ಹಿರಿಯರು. ಮಕ್ಕಳು ಬೆಂಗಳೂರಿನಲ್ಲಿ, ಮನೆಗೊಂದು ತೋಟ, ತೋಟಕ್ಕೊಂದು ಮನೆ. ಇವರ ಅಪಾಯ ಸದ್ದು ಮಾಡುವುದಿಲ್ಲ. ರಕ್ತದೊತ್ತಡ ಏರಿದ್ದರೂ ಅಳತೆ ಮಾಡದ ಹೊರತು ಅನೇಕರಿಗೆ ತಿಳಿಯುವುದೇ ಇಲ್ಲ. ಮಠದ ಶಿಸ್ತಿನಲ್ಲಿ ಬೆಳೆದ ನಾನೂ ಇದರಲ್ಲಿ ತಪ್ಪಿದವನೇ. ಮಾತ್ರೆ ಸೇವಿಸಿ ಒತ್ತಡ ಸರಿಹೋದಾಗ, ಗುಣವಾಯಿತೆಂದು ತಿಳಿದು ನಾಲ್ಕು ತಿಂಗಳು ನಿಲ್ಲಿಸಿಬಿಟ್ಟೆ. ಒತ್ತಡ ಸರಿಹೋದದ್ದು ಮಾತ್ರೆಯಿಂದ ಎಂಬ ಸರಳ ವಿಷಯ, ಮುಂದೊಂದು ದಿನ ವೈದ್ಯರು ಗದರಿಸಿದಾಗಲೇ ಹೊಳೆದದ್ದು.

ನಾವು ಶಾಖಾಹಾರಿಗಳು, ನಮಗೆ ಈ ರೋಗ ಬಾರದು ಎಂಬ ಮಾತನ್ನು ಸಮಾಜದ ಹಿರಿಯರಿಂದ ಅನೇಕ ಸಲ ಕೇಳಿದ್ದೇನೆ. ಮಳೆಗಾಲದ ನಮ್ಮ ಊಟವನ್ನೇ ನೋಡಿರಿ. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸಂಡಿಗೆ, ಉಪ್ಪುನೀರಿನಲ್ಲಿಟ್ಟ ಕಳಲೆ. ದಿನಕ್ಕೆ ಐದು ಗ್ರಾಂ, ಎಂದರೆ ಒಂದು ಚಹಾ ಚಮಚಕ್ಕೂ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೀಡಿ ಮುಟ್ಟದವರೂ ಎಲೆಅಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಳ್ಳುತ್ತಾರೆ; ಅದೂ ತಂಬಾಕೇ.

ಆಲೂರು ಕಡೆಯ ನಮ್ಮ ಬಂಧುಗಳೊಬ್ಬರ ವಿಷಯ ಹೇಳಬೇಕು. ವಯಸ್ಸು ಎಪ್ಪತ್ತನ್ನು ದಾಟಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಆಷಾಢದ ಒಂದು ರಾತ್ರಿ ಹತ್ತು ಗಂಟೆಗೆ ಹೊಟ್ಟೆಯ ಮೇಲುಭಾಗದಲ್ಲಿ ಬಿಗಿತ, ಮೈಯೆಲ್ಲ ಬೆವರು. ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕುಡಿದರು. ಸುರಿಯುವ ಮಳೆಯಲ್ಲಿ ನೆರೆಯವರನ್ನು ಎಬ್ಬಿಸುವುದೇಕೆಂದು ಸುಮ್ಮನಾದರು. ಪತ್ನಿ ಮೊದಲು ಕರೆ ಮಾಡಿದ್ದು ಬೆಂಗಳೂರಿನ ಮಗನಿಗೆ. ಆತ ಬೆಳಿಗ್ಗೆ ಹೊರಟು ಬರುತ್ತೇನೆಂದ. ಹಾಸನದ ಆಸ್ಪತ್ರೆಗೆ ಸೇರಿಸುವಾಗ ಸೂರ್ಯೋದಯವಾಗಿತ್ತು. ಜೀವ ಉಳಿಯಿತು, ಆದರೆ ಹೃದಯದ ಬಲ ಕುಂದಿತು. ತಾವೇ ನೆಟ್ಟ ಕಾಫಿ ಗಿಡಗಳವರೆಗೆ ಇಳಿದು ಹತ್ತುವ ಶಕ್ತಿ ಈಗ ಅವರಿಗಿಲ್ಲ.

ಹಿರಿಯರಲ್ಲಿ, ವಿಶೇಷವಾಗಿ ಮಧುಮೇಹವಿದ್ದವರಲ್ಲಿ, ಹೃದಯಾಘಾತವು ಎದೆನೋವಿಲ್ಲದೆಯೂ ಬರಬಹುದು. ಏದುಸಿರು, ತಣ್ಣನೆಯ ಬೆವರು, ವಾಂತಿ, ಕಾರಣವಿಲ್ಲದ ಸುಸ್ತು ಇವೂ ಲಕ್ಷಣಗಳೇ. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ದಾರಿ ಮುಚ್ಚಿರುವಷ್ಟು ಹೊತ್ತೂ ಹೃದಯದ ಮಾಂಸಖಂಡ ಸಾಯುತ್ತಿರುತ್ತದೆ. ಪುನೀತ್ ರಾಜ್‌ಕುಮಾರ್ ಅವರು ೨೦೨೧ರಲ್ಲಿ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯ ತಿರುಳು ಇದೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡಿ ಸೂಚಿಸಿದರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ರೋಗಿ ಬೇಗ ತಲುಪಿದಷ್ಟೂ ಅದರ ಫಲ ಹೆಚ್ಚು. ತೋಟದ ಮಣ್ಣುದಾರಿಯಿಂದ ಡಾಂಬರು ರಸ್ತೆಗೆ ಬರುವುದಕ್ಕೇ ಅರ್ಧ ಗಂಟೆ ಬೇಕಾದ ನಮ್ಮ ಸೀಮೆಯಲ್ಲಿ ಕಷಾಯ ಕಾಯಿಸುವುದಕ್ಕೆ ಸಮಯವಿಲ್ಲ.

ಇನ್ನೊಂದು ಮಾತು. ಇಷ್ಟಲಿಂಗ ಪೂಜೆಯಾಗುವವರೆಗೆ ನೀರನ್ನೂ ಮುಟ್ಟದ ಹಿರಿಯರು ನಮ್ಮಲ್ಲಿದ್ದಾರೆ. ಪೂಜೆ ತಡವಾದ ದಿನ ಮಾತ್ರೆ ತಪ್ಪುತ್ತದೆ. ಇದನ್ನು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಿರಿ. ಸಾಮಾನ್ಯವಾಗಿ ಮಾತ್ರೆಯ ಹೊತ್ತನ್ನು ಅವರು ಹೊಂದಿಸಿಕೊಡುತ್ತಾರೆ. ನನ್ನ ಮಾತ್ರೆಯ ಡಬ್ಬಿ ಈಗ ವಿಭೂತಿಯ ಗಟ್ಟಿಯ ಪಕ್ಕದಲ್ಲಿದೆ.

ಆಲೂರಿನ ಆ ಬಂಧುಗಳ ಮನೆಗೆ ಹೋದಾಗ, ಪಡಸಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಮೂರು ಸಂಖ್ಯೆಗಳು ಕಂಡವು. ಮೊದಲನೆಯದು ೧೦೮, ಎರಡನೆಯದು ನೆರೆಯ ತೋಟದ ಜೀಪಿನವರದು. ಮಗನ ಸಂಖ್ಯೆಯನ್ನು ತಾಯಿಯೇ ಮೂರನೆಯದಾಗಿ ಬರೆಸಿದ್ದಾರೆ.