ಬಿಸಿಲಿನ ವಿಟಮಿನ್ನೂ ರಕ್ತನಾಳವೂ

ಅಕ್ಕತಂಗಿಯರೇ, ನಮ್ಮ ಕುರೆಕುಪ್ಪದಲ್ಲಿ ಬಿಸಿಲಿಗೇನು ಬರ? ಆ ಬಿಸಿಲು ಚರ್ಮಕ್ಕೆ ಬಿದ್ದರೆ ಮೈಯೊಳಗೆ ಡಿ ವಿಟಮಿನ್ ತಯಾರಾಗುತ್ತದೆ. ಹೊಲದ ಕೆಲಸದವರಿಗೆ ಪುಕ್ಕಟೆ ಸಿಗುತ್ತದೆ. ದಿನವೆಲ್ಲ ಮನೆಯೊಳಗೇ ಇರುವವರಿಗೆ ಕಡಿಮೆ ಬೀಳಬಹುದು.

ಇದು ಮೂಳೆಗೆ ಬೇಕು ಅಂತ ಕೇಳಿದ್ದೇವೆ. ರಕ್ತನಾಳಕ್ಕೆ ಏನು ನಂಟು?

ನಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ. ಅವು ಮೈಯ ಕಾವಲುಗಾರರು. ರೋಗಾಣು ಕಂಡರೆ ನುಂಗುತ್ತವೆ. ಆದರೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಇವುಗಳಲ್ಲಿ ಕೆಲವು ರಕ್ತನಾಳದ ಗೋಡೆಗೆ ಹೆಚ್ಚಾಗಿ ಅಂಟುತ್ತವೆ. ಒಳಗೆ ನುಗ್ಗಿ, ಅಲ್ಲಿನ ಕೊಬ್ಬು ನುಂಗಿ ನುಂಗಿ ಉಬ್ಬುತ್ತವೆ. ಅಲ್ಲೇ ಉಳಿದುಬಿಡುತ್ತವೆ. ಸವಳು ನೀರಿನ ಪೈಪಿನೊಳಗೆ ಉಪ್ಪು ಕಟ್ಟುತ್ತದಲ್ಲ, ಹಾಗೆ ರಕ್ತದ ದಾರಿ ಕಿರಿದಾಗುತ್ತದೆ. ಕಾಯುವವರೇ ದಾರಿ ಕಟ್ಟಿದಂತಾಯಿತು!

ಅಮೆರಿಕದ ಸೇಂಟ್ ಲೂಯಿ ಊರಿನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಸಕ್ಕರೆ ಕಾಯಿಲೆಯವರ ರಕ್ತ ತೆಗೆದು ನೋಡಿದರು. ಡಿ ವಿಟಮಿನ್ ಸಾಕಷ್ಟು ಇದ್ದರೆ ಈ ಕಣಗಳು ಅಂಟುವುದು ಕಡಿಮೆ ಅಂತ 2012ರಲ್ಲಿ ತಿಳಿಸಿದರು.

ಹಾಗಾದರೆ ಗುಳಿಗೆ ನುಂಗಿದರೆ ಸಾಕೇ? ಸಾಲದು. ಅಮೆರಿಕದಲ್ಲೇ ಸುಮಾರು 26 ಸಾವಿರ ಜನರನ್ನು ವರ್ಷಗಟ್ಟಲೆ ನೋಡಿದರು. ಅರ್ಧ ಜನಕ್ಕೆ ಡಿ ಗುಳಿಗೆ, ಅರ್ಧ ಜನಕ್ಕೆ ಔಷಧಿ ಇಲ್ಲದ ಗುಳಿಗೆ. 2018ರಲ್ಲಿ ಫಲಿತಾಂಶ ಬಂತು. ಹೃದಯಾಘಾತ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಮ. ಗುಳಿಗೆ ಅತಿಯಾದರೆ ಮೂತ್ರಪಿಂಡಕ್ಕೆ ಕೇಡು. ಡಾಕ್ಟರು ಹೇಳಿದಷ್ಟೇ ತಗೋಬೇಕು.

ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಾರದು. ರಕ್ತದೊತ್ತಡ ಆಗಾಗ ನೋಡಿಸಬೇಕು. ಎದೆ ಹಿಡಿದಂತಾಗಿ ಮೈ ಬೆವತರೆ 'ಗ್ಯಾಸ್' ಅಂತ ಸುಮ್ಮನೆ ಕೂರಬಾರದು. ಕೂಡಲೇ 108ಕ್ಕೆ ಫೋನ್ ಮಾಡಬೇಕು.